ದೇವರಿದ್ದಾನಾ ಎಂದು ಕೇಳದ ತರಗತಿ

ಮೊದಲ ಅಸೈನ್‌ಮೆಂಟ್ ಸುಲಭ ಅನಿಸಿತ್ತು. ನಿಮಗೆ ಪರಿಚಯವಿಲ್ಲದ ಯಾವುದಾದರೂ ಪ್ರಾರ್ಥನಾ ಸ್ಥಳಕ್ಕೆ ಹೋಗಿ, ಒಂದು ಗಂಟೆ ಸುಮ್ನೆ ಕೂತು, ಕಂಡದ್ದನ್ನು ಎರಡು ಪುಟ ಬರೆದು ತನ್ನಿ. ಅಷ್ಟೇ. ಬರೆದು ಕೊಟ್ಟೆ. ವಾಪಸ್ ಬಂದಾಗ ಹಾಳೆ ತುಂಬಾ ಕೆಂಪು. "ವಯಸ್ಸಾದ ಒಬ್ಬರು ಭಕ್ತಿಯಿಂದ ಕಣ್ಣು ಮುಚ್ಚಿ ಕೂತಿದ್ದರು" ಎಂದು ಬರೆದಿದ್ದೆ. ಮೇಷ್ಟ್ರು 'ಭಕ್ತಿಯಿಂದ' ಅನ್ನುವ ಪದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಕೇಳಿದ್ದರು: "ನಿಮಗೆ ಹೇಗೆ ಗೊತ್ತು?"

ಸಿಟ್ಟು ಬಂತು. ಮನೆಗೆ ಹೋಗಿ ಯೋಚಿಸಿದರೆ, ನಿಜವಾಗಿಯೂ ಗೊತ್ತಿರಲಿಲ್ಲ. ಅವರಿಗೆ ನಿದ್ದೆ ಬಂದಿರಬಹುದು. ತಲೆ ನೋಯುತ್ತಿರಬಹುದು. ಯಾವುದೋ ಸಾಲದ ಲೆಕ್ಕ ಹಾಕುತ್ತಿರಬಹುದು. ಭಕ್ತಿಯೇ ಇದ್ದಿರಲೂಬಹುದು. ನನಗೆ ಕಂಡಿದ್ದು ಮುಚ್ಚಿದ ಕಣ್ಣು ಮಾತ್ರ. ಉಳಿದದ್ದನ್ನು ತುಂಬಿಸಿದ್ದು ನಾನು.

ಕಾಲೇಜಿನಲ್ಲಿ ಧರ್ಮವನ್ನು ಒಂದು ವಿಷಯವಾಗಿ ಓದುವುದು ಅಂದರೆ ಏನು ಎಂದು ಯಾರಾದರೂ ಕೇಳಿದರೆ, ನಾನು ಆ ಕೆಂಪು ಸುತ್ತಿನಿಂದಲೇ ಶುರು ಮಾಡುತ್ತೇನೆ. ಮೂರು ವರ್ಷ ಬೇರೆ ಬೇರೆ ರೂಪದಲ್ಲಿ ಎದುರಾಗುವುದು ಆ ಒಂದೇ ಪ್ರಶ್ನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ದೈವಶಾಸ್ತ್ರ, ಅಂದರೆ ಥಿಯಾಲಜಿ, ಒಂದು ನಂಬಿಕೆಯ ಒಳಗೆ ನಿಂತು ಮಾಡುವ ಕೆಲಸ. ದೇವರಿದ್ದಾನೆ, ಈ ಗ್ರಂಥ ಅವನ ಮಾತು ಎಂದು ಒಪ್ಪಿಕೊಂಡೇ ಅದು ಹೊರಡುತ್ತದೆ. ಆಮೇಲೆ ಕೇಳುತ್ತದೆ: ಹಾಗಾದರೆ ಲೋಕದಲ್ಲಿ ಇಷ್ಟು ನೋವು ಯಾಕಿದೆ? ನಾವು ಹೇಗೆ ಬದುಕಬೇಕು? ಅದು ಹಳೆಯ ವಿದ್ಯೆ, ಚೂಪಾದ ವಿದ್ಯೆ. ಅದನ್ನು ಕೀಳಾಗಿ ಕಾಣುವುದರಲ್ಲಿ ಅರ್ಥವಿಲ್ಲ. ಆದರೆ ರಿಲಿಜಿಯಸ್ ಸ್ಟಡೀಸ್, ಅಂದರೆ ಧರ್ಮಗಳ ಅಧ್ಯಯನ, ಹೊರಡುವ ಜಾಗವೇ ಬೇರೆ. ಒಬ್ಬರು "ಈ ಗ್ರಂಥ ದೇವರ ಮಾತು" ಎಂದರೆ, ಅದು ನಿಜವೋ ಸುಳ್ಳೋ ಎಂದು ಇಲ್ಲಿ ತೀರ್ಪು ಕೊಡುವುದಿಲ್ಲ. ಹಾಗೆ ಹೇಳುವವರು ಯಾರು, ಯಾವಾಗಿನಿಂದ ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಹಾಗೆ ಹೇಳಿದ್ದರಿಂದ ಅವರ ಮನೆಯಲ್ಲಿ, ಊಟದಲ್ಲಿ, ಮದುವೆಯಲ್ಲಿ, ರಾಜಕೀಯದಲ್ಲಿ ಏನೇನು ಆಯಿತು ಎಂದು ನೋಡುತ್ತದೆ.

ಸ್ಕಾಟ್ಲೆಂಡ್ ಮೂಲದ ವಿದ್ವಾಂಸ ನಿನಿಯನ್ ಸ್ಮಾರ್ಟ್ ಇದಕ್ಕೆ 'ಮೆಥಡಾಲಾಜಿಕಲ್ ಅಗ್ನಾಸ್ಟಿಸಿಸಂ' ಎಂಬ ಉದ್ದದ ಹೆಸರು ಕೊಟ್ಟರು. ಅರ್ಥ ಮಾತ್ರ ಸರಳ. ಮನೆಯಲ್ಲಿ ನೀವು ಏನು ಬೇಕಾದರೂ ನಂಬಿ ಅಥವಾ ಏನನ್ನೂ ನಂಬಬೇಡಿ. ಓದುವ ಹೊತ್ತಿನಲ್ಲಿ ಮಾತ್ರ 'ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ' ಎಂಬ ಜಾಗದಲ್ಲಿ ನಿಂತು ಕೆಲಸ ಮಾಡಿ. ಕ್ರಿಕೆಟ್ ಪಂದ್ಯದಲ್ಲಿ ಸ್ಕೋರ್ ಬರೆಯುವವನಿಗೂ ಇಷ್ಟದ ತಂಡ ಇರುತ್ತದೆ. ಹಾಗಂತ ಔಟಾದವನನ್ನು ನಾಟೌಟ್ ಎಂದು ಬರೆಯೋಕೆ ಆಗುತ್ತಾ?

ಮಾತು ಗಾಳಿಯಲ್ಲಿ ತೇಲುವುದು ಬೇಡ, ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯ, ಹದಿನಾರನೆಯದು. ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ, ಈ ಮೂವರು ಹೆಂಗಸರು ಯೇಸುವಿನ ಸಮಾಧಿಗೆ ಬರುತ್ತಾರೆ. ಕಲ್ಲು ಉರುಳಿದೆ. ಒಳಗೆ ಬಿಳಿ ಬಟ್ಟೆಯ ಒಬ್ಬ ಯುವಕ, ಯೇಸು ಇಲ್ಲಿಲ್ಲ, ಎದ್ದಿದ್ದಾನೆ ಎನ್ನುತ್ತಾನೆ. ಹೆಂಗಸರು ನಡುಗುತ್ತಾ ಓಡಿಹೋಗುತ್ತಾರೆ. ಹೆದರಿದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ. ಇದು ಎಂಟನೇ ವಚನ.

ನಾಲ್ಕನೇ ಶತಮಾನದ ಎರಡು ಗ್ರೀಕ್ ಹಸ್ತಪ್ರತಿಗಳು, ಕೋಡೆಕ್ಸ್ ಸಿನೈಟಿಕಸ್ ಮತ್ತು ಕೋಡೆಕ್ಸ್ ವ್ಯಾಟಿಕನಸ್, ಇಲ್ಲಿಗೇ ನಿಲ್ಲುತ್ತವೆ. ಹೊಸ ಒಡಂಬಡಿಕೆಯ ಬಹಳ ಹಳೆಯ, ಬಹಳ ಮುಖ್ಯ ಪ್ರತಿಗಳಲ್ಲಿ ಇವೆರಡೂ ಸೇರುತ್ತವೆ. ಆಮೇಲಿನ ಬಹುತೇಕ ಪ್ರತಿಗಳಲ್ಲಿ ಮಾತ್ರ ಇನ್ನೂ 12 ವಚನಗಳಿವೆ. ಅವುಗಳಲ್ಲಿ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುತ್ತಾನೆ, ಲೋಕವೆಲ್ಲಾ ಸುತ್ತಿ ಸುವಾರ್ತೆ ಸಾರಿ ಎನ್ನುತ್ತಾನೆ. ನಂಬುವವರು ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಅವರಿಗೆ ಏನೂ ಆಗದು ಎಂಬ ಮಾತೂ ಅಲ್ಲೇ ಬರುತ್ತದೆ. ಭಾಷೆಯ ಧಾಟಿಯೂ ಬೇರೆ. ಹೀಗಾಗಿ ಈ ಭಾಗವನ್ನು ಯಾರೋ ಆಮೇಲೆ ಸೇರಿಸಿದ್ದಾರೆ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇವತ್ತಿನ ಅನೇಕ ಅನುವಾದಗಳಲ್ಲಿ ಇದು ಆವರಣದೊಳಗೆ, ಇಲ್ಲವೇ ಒಂದು ಅಡಿಟಿಪ್ಪಣಿಯ ಜೊತೆ ಇರುತ್ತದೆ.

ತರಗತಿಯಲ್ಲಿ ಇದನ್ನು ಮೊದಲ ಸಲ ನೋಡಿದಾಗ ಕೋಣೆ ಎರಡು ಪಾಲಾಗುತ್ತದೆ. ಕೆಲವರ ಮುಖ ಬಾಡುತ್ತದೆ. ಕೆಲವರಿಗೆ ಗೆದ್ದಷ್ಟು ಖುಷಿ: "ನೋಡಿದ್ರಾ, ಸೇರಿಸಿದ್ದು!" ಮೇಷ್ಟ್ರಿಗೆ ಎರಡೂ ಬೇಕಿಲ್ಲ. ಅವರ ಪ್ರಶ್ನೆ ಬೇರೆ: ಎಂಟನೇ ವಚನಕ್ಕೆ ಕಥೆ ನಿಂತರೆ ಓದುವವರಿಗೆ ಏನನಿಸಿರಬಹುದು? ಅಷ್ಟಕ್ಕೇ ನಿಲ್ಲಿಸಲು ಯಾರಿಗೆ ಕಷ್ಟವಾಯಿತು? ಸೇರಿಸಿದವರು ಯಾವ ಯಾವ ಸಂಗತಿಗಳನ್ನು ಆರಿಸಿಕೊಂಡರು? ಇಲ್ಲಿಯವರೆಗೆ ನಾವು ಮಾಡುತ್ತಿರುವುದು ಪಠ್ಯ ಪರಿಶೀಲನೆ ಮತ್ತು ಇತಿಹಾಸ. ಹಳಗನ್ನಡ ಕಾವ್ಯದ ಓಲೆಗರಿಗಳಲ್ಲಿ ಪಾಠಾಂತರ ನೋಡುವವರು ಮಾಡುವುದೂ ಇದೇ ಕೆಲಸ.

ಈಗ ಅದೇ ಪುಟದಿಂದ ಎದ್ದು ಅಮೆರಿಕದ ಅಪಲಾಚಿಯನ್ ಬೆಟ್ಟಗಳಿಗೆ ಹೋಗೋಣ. 20ನೇ ಶತಮಾನದ ಮೊದಲ ದಶಕಗಳಲ್ಲಿ ಟೆನ್ನೆಸೀ ಕಡೆಯ ಜಾರ್ಜ್ ವೆಂಟ್ ಹೆನ್ಸ್ಲಿ ಎಂಬ ಬೋಧಕ ಆ ಹಾವಿನ ವಚನವನ್ನು ಆಜ್ಞೆ ಎಂದೇ ತೆಗೆದುಕೊಂಡ. ಪ್ರಾರ್ಥನೆಯ ನಡುವೆ ವಿಷದ ಹಾವುಗಳನ್ನು ಕೈಯಲ್ಲಿ ಹಿಡಿಯುವ ಪದ್ಧತಿ ಹಬ್ಬಲು ಅವನು ದೊಡ್ಡ ಕಾರಣ. 1940ರಲ್ಲಿ ಕೆಂಟಕಿ, 1947ರಲ್ಲಿ ಟೆನ್ನೆಸೀ ಇದನ್ನು ಕಾನೂನಿನಿಂದ ನಿಷೇಧಿಸಿದವು. 1955ರಲ್ಲಿ ಹೆನ್ಸ್ಲಿ ಸತ್ತ. ಪ್ರಾರ್ಥನಾ ಸಭೆಯೊಂದರಲ್ಲಿ ಹಾವು ಕಚ್ಚಿತ್ತು. ಪದ್ಧತಿ ಮಾತ್ರ ಸಾಯಲಿಲ್ಲ.

ಈಗ ಹೇಳಿ, ಆ ವಚನ 'ಅಸಲಿ' ಅಲ್ಲ ಎಂದು ಗೊತ್ತಾದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಿತಾ? ಹಸ್ತಪ್ರತಿ ಓದುವವರಿಗೆ ಅದು ಆಮೇಲೆ ಸೇರಿದ ಸಾಲು. ಆ ಬೆಟ್ಟದ ಜನರಿಗೆ ಅದೇ ಬದುಕು, ಕೆಲವರಿಗೆ ಅದೇ ಸಾವು. ಸಮಾಜಶಾಸ್ತ್ರ ಓದಿದವರು ಆ ಜನರ ಬಡತನ, ಗಣಿ ಕೆಲಸ, ಹೊರಗಿನವರ ತಾತ್ಸಾರ ಇವನ್ನೆಲ್ಲಾ ಕೇಳುತ್ತಾರೆ. ಮನಶ್ಶಾಸ್ತ್ರದವರು ಆ ಹೊತ್ತಿನಲ್ಲಿ ಮೈಮೇಲೆ ಬರುವ ಭಾವ ಎಂಥದ್ದು ಎಂದು ಕೇಳುತ್ತಾರೆ. ಕಾನೂನಿನವರು ಒಬ್ಬ ಮನುಷ್ಯ ತನ್ನ ನಂಬಿಕೆಗಾಗಿ ಎಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳಬಹುದು, ಸರ್ಕಾರ ಎಲ್ಲಿ ಅಡ್ಡ ಬರಬಹುದು ಎಂದು ಕೇಳುತ್ತಾರೆ. ಒಂದೇ ಸಾಲು, ಐದು ಥರದ ಪ್ರಶ್ನೆ. ಈ ವಿಷಯಕ್ಕೆ ತನ್ನದೇ ಅಂತ ಒಂದು ವಿಧಾನ ಇಲ್ಲ ಎಂದು ದೂರುವವರಿದ್ದಾರೆ. ದೂರು ನಿಜವೇ. ಎಲ್ಲಾ ಪಕ್ಕದ ಮನೆಗಳಿಂದ ಕಡ ತಂದದ್ದು. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಈ ಓದು ಶುರುವಾದದ್ದು ಹೇಗೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. 1870ರಲ್ಲಿ ಜರ್ಮನ್ ಮೂಲದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಾಲ್ಕು ಉಪನ್ಯಾಸ ಕೊಟ್ಟರು. ಒಂದನ್ನೇ ಬಲ್ಲವನು ಯಾವುದನ್ನೂ ಬಲ್ಲವನಲ್ಲ ಎಂಬ ಮಾತು ಅಲ್ಲಿಯದು. ಭಾಷೆಗಳ ಬಗ್ಗೆ ಜರ್ಮನ್ ಕವಿ ಗಯಟೆ ಹೇಳಿದ್ದನ್ನು ಮುಲ್ಲರ್ ಧರ್ಮಕ್ಕೆ ಅನ್ವಯಿಸಿದರು. 1879ರಿಂದ 1910ರವರೆಗೆ ಅವರ ಯೋಜನೆಯಲ್ಲಿ ಪೂರ್ವ ದೇಶಗಳ ಪವಿತ್ರ ಗ್ರಂಥಗಳ 50 ಸಂಪುಟ ಇಂಗ್ಲಿಷಿನಲ್ಲಿ ಬಂದವು. ಕೊನೆಯವು ಅಚ್ಚಾಗುವ ಹೊತ್ತಿಗೆ ಅವರೇ ಇರಲಿಲ್ಲ. ವೇದಗಳ ಮೇಲೆ ಜೀವ ತೇದ ಈ ಮನುಷ್ಯ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಇದನ್ನು ಬರೀ ತಮಾಷೆಗೆ ಹೇಳುತ್ತಿಲ್ಲ. ಧರ್ಮ ಅಂದರೆ ಪುಸ್ತಕ, ಪುಸ್ತಕ ಓದಿದರೆ ಧರ್ಮ ತಿಳಿಯಿತು ಎಂಬ ನಂಬಿಕೆ ಈ ವಿಷಯಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿತು. ಅಕ್ಷರ ಬಾರದ ಅಜ್ಜಿಯರ ಧರ್ಮ, ಹಾಡಿನಲ್ಲಿ, ಕುಣಿತದಲ್ಲಿ, ಅಡುಗೆಯಲ್ಲಿ ಇರುವ ಧರ್ಮ ಪಠ್ಯಕ್ರಮದೊಳಗೆ ಬರಲು ಬಹಳ ಕಾಲ ಹಿಡಿಯಿತು.

1870ರ ದಶಕದಲ್ಲಿ ನೆದರ್ಲೆಂಡ್ಸ್, 1886ರಲ್ಲಿ ಪ್ಯಾರಿಸ್, ಹೀಗೆ ಒಂದೊಂದೇ ಕಡೆ ಪೀಠಗಳು, ವಿಭಾಗಗಳು ಬಂದವು. ನಿನಿಯನ್ ಸ್ಮಾರ್ಟ್ 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ವಿಭಾಗ ಕಟ್ಟಿದರು. ಅಮೆರಿಕದಲ್ಲಿ ದಾರಿ ಸಲೀಸು ಮಾಡಿದ್ದು, ವಿಚಿತ್ರ ಅಂದರೆ, ಒಂದು ಕೋರ್ಟ್ ತೀರ್ಪು. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಗಳಲ್ಲಿ ಭಕ್ತಿಗಾಗಿ ಬೈಬಲ್ ಓದಿಸುವಂತಿಲ್ಲ ಎಂದಿತು. ಅದೇ ಉಸಿರಿನಲ್ಲಿ, ಧರ್ಮಗಳ ಬಗ್ಗೆ ವಸ್ತುನಿಷ್ಠವಾಗಿ ಕಲಿಸಲು ಅಡ್ಡಿಯಿಲ್ಲ ಎಂದೂ ಹೇಳಿತು. ಧರ್ಮವನ್ನು ಕಲಿಸುವುದು ಬೇರೆ, ಧರ್ಮದ ಬಗ್ಗೆ ಕಲಿಸುವುದು ಬೇರೆ. ಭಾರತದ ಸುಪ್ರೀಂ ಕೋರ್ಟ್ ಕೂಡ 2002ರಲ್ಲಿ ಇಂಥದ್ದೇ ಗೆರೆ ಎಳೆಯಿತು. ಸಂವಿಧಾನದ 28ನೇ ವಿಧಿ ತಡೆಯುವುದು ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು, ಧರ್ಮಗಳ ಅಧ್ಯಯನವನ್ನಲ್ಲ ಎಂದಿತು. ಕಾಗದದ ಮೇಲೆ ಗೆರೆ ನೇರ. ತರಗತಿಯಲ್ಲಿ ಮೇಷ್ಟ್ರ ದನಿ ಒಂದಿಷ್ಟು ಬದಲಾದರೂ ಅದು ಅಳಿಸಿಹೋಗಬಹುದು.

ಇಷ್ಟು ಹೊತ್ತು 'ಧರ್ಮ' 'ಧರ್ಮ' ಎನ್ನುತ್ತಿದ್ದೇನೆ. ಹಾಗಂದರೆ ಏನು? ಕನ್ನಡದವರಿಗೆ ಈ ಕಷ್ಟ ಇಂಗ್ಲಿಷಿನವರಿಗಿಂತ ಬೇಗ ಅರ್ಥವಾಗುತ್ತದೆ. ಧರ್ಮಸಂಕಟದಲ್ಲಿ ಧರ್ಮ ಅಂದರೆ ಕರ್ತವ್ಯ. ಸುಡುವುದು ಬೆಂಕಿಯ ಧರ್ಮ ಎಂದರೆ ಗುಣ. ಧರ್ಮಕ್ಕೆ ಸಿಕ್ಕಿದ್ದು ಎಂದರೆ ಪುಕ್ಕಟೆ. ಸಿಕ್ಕವರೆಲ್ಲ ಕೊಟ್ಟು ಹೋಗುವ ಏಟಿಗೆ ಧರ್ಮದೇಟು ಎನ್ನುತ್ತೇವೆ. 'ಮತ' ಎಂಬ ಪದ ಬಳಸೋಣ ಅಂದರೆ ಅದಕ್ಕೆ ಅಭಿಪ್ರಾಯ ಅಂತಲೂ ಅರ್ಥ, ಚುನಾವಣೆಯಲ್ಲಿ ಹಾಕುವ ಓಟು ಅಂತಲೂ ಅರ್ಥ. 'ರಿಲಿಜನ್' ಪದದ ಜಾಗಕ್ಕೆ ಇವೆರಡರಲ್ಲಿ ಯಾವುದೂ ಸರಿಯಾಗಿ ಕೂರುವುದಿಲ್ಲ. ಕಾರಣ ನಮ್ಮ ಭಾಷೆಯ ಬಡತನವಲ್ಲ. ಆ ಪದವೇ ಯುರೋಪಿನಲ್ಲಿ, ಅಲ್ಲಿನ ಚರ್ಚುಗಳ ಜಗಳದ ನಡುವೆ ತನ್ನ ಈಗಿನ ಆಕಾರ ಪಡೆದದ್ದು. ಒಬ್ಬ ದೇವರು, ಒಂದು ಗ್ರಂಥ, ಒಂದು ಸಂಸ್ಥೆ, ಮನಸ್ಸಿನೊಳಗಿನ ನಂಬಿಕೆ ಎಂಬ ಅಚ್ಚು ಅಲ್ಲಿಯದು. ಆ ಅಚ್ಚನ್ನು ಬೇರೆಯವರ ಬದುಕಿನ ಮೇಲೆ ಒತ್ತಿದರೆ ಅರ್ಧ ಹೊರಗೇ ಉಳಿಯುತ್ತದೆ.

ವ್ಯಾಖ್ಯೆ ಕೊಡಲು ನೋಡಿದವರಿಗೆ ಲೆಕ್ಕವಿಲ್ಲ. 1871ರಲ್ಲಿ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಇ. ಬಿ. ಟೈಲರ್, ಅಲೌಕಿಕ ಜೀವಿಗಳಲ್ಲಿ ನಂಬಿಕೆ ಇದ್ದರೆ ಅದೇ ರಿಲಿಜನ್ ಎಂದರು. ಚಿಕ್ಕದಾಗಿ, ಚೊಕ್ಕವಾಗಿದೆ. 1912ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ತಕರಾರು ತೆಗೆದರು: ಹಾಗಾದರೆ ಬೌದ್ಧ ಧರ್ಮವನ್ನು ಏನು ಮಾಡೋಣ? ಅದರ ಮುಖ್ಯ ಬೋಧನೆ ದೇವರ ಮೇಲೆ ನಿಂತಿಲ್ಲವಲ್ಲ. ಅವರ ಉತ್ತರ ಬೇರೆ. ಯಾವುದನ್ನೋ ಪವಿತ್ರ ಎಂದು ಬೇರೆ ಇಟ್ಟು, ಅದರ ಸುತ್ತಲಿನ ನಂಬಿಕೆ, ಆಚರಣೆಗಳ ಮೂಲಕ ಜನ ಒಂದು ಸಮುದಾಯವಾಗಿ ಸೇರಿದರೆ ಅದು ಧರ್ಮ. ಈಗ ಬೌದ್ಧರು ಒಳಗೆ ಬಂದರು. ಹಿಂದೆಯೇ ಇನ್ನೂ ಯಾರ್ಯಾರೋ ಬಂದರು. ಬಾವುಟಕ್ಕಾಗಿ ಪ್ರಾಣ ಕೊಡುವ ಸೈನಿಕನ ಉದಾಹರಣೆಯನ್ನು ಡರ್ಕೈಮ್ ಅವರೇ ಕೊಡುತ್ತಾರೆ. ಹಾಗಾದರೆ ದೇಶಭಕ್ತಿಯೂ ಧರ್ಮವೇ? ಸ್ಟೇಡಿಯಂ ತುಂಬಾ ಒಂದೇ ಬಣ್ಣದ ಅಂಗಿ ತೊಟ್ಟು ಕೂಗುವವರು? ಮೊದಲ ವರ್ಷದಲ್ಲಿ ಈ ಚರ್ಚೆ ಶುರುವಾದರೆ ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ.

ಅಮೆರಿಕದ ವಿದ್ವಾಂಸ ಜೋನಾಥನ್ ಝಡ್. ಸ್ಮಿತ್ 1982ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಿಲಿಜನ್ ಎಂಬ ವರ್ಗವೇ ವಿದ್ವಾಂಸರ ಓದುಕೋಣೆಯ ಸೃಷ್ಟಿ ಎಂದರು. ಜನ ಪ್ರಾರ್ಥಿಸುತ್ತಾರೆ, ಉಪವಾಸ ಮಾಡುತ್ತಾರೆ, ಹೆಣ ಹೂಳುತ್ತಾರೆ, ಸುಡುತ್ತಾರೆ. ಇವನ್ನೆಲ್ಲಾ ಒಂದೇ ಚೀಲಕ್ಕೆ ಹಾಕಿ ಅದರ ಮೇಲೆ ಚೀಟಿ ಅಂಟಿಸಿದ್ದು ನಾವು. ತಾವು ಓದುವ ವಸ್ತುವಿಗೆ ಹೆಸರಿಟ್ಟವರೂ ತಾವೇ ಎಂದು ಒಪ್ಪಿಕೊಳ್ಳುವ ವಿಭಾಗಗಳು ಕಾಲೇಜಿನಲ್ಲಿ ಜಾಸ್ತಿ ಇಲ್ಲ ಅಲ್ವಾ?

ಆಚರಣೆಯ ಬಗ್ಗೆಯೂ ಹೀಗೇ ಒಂದು ಪಾಠ ಕಾದಿರುತ್ತದೆ. ಪ್ರತಿ ಆಚರಣೆಗೂ ಒಂದು ಅರ್ಥ ಇರಲೇಬೇಕು ಎಂದು ನಾವೆಲ್ಲಾ ಅಂದುಕೊಂಡಿರುತ್ತೇವೆ. ಫ್ರಿಟ್ಸ್ ಸ್ಟಾಲ್ ಎಂಬ ಡಚ್ ವಿದ್ವಾಂಸ 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಂಬೂದಿರಿಗಳು 12 ದಿನ ನಡೆಸಿದ ಅಗ್ನಿಚಯನ ಎಂಬ ವೈದಿಕ ಯಾಗವನ್ನು ಕೂಲಂಕಷವಾಗಿ ದಾಖಲಿಸಿದರು. ಹಕ್ಕಿಯ ಆಕಾರದ ವೇದಿ, ಇಟ್ಟಿಗೆಯ ಐದು ಪದರ, ಪ್ರತಿ ಹೆಜ್ಜೆಗೂ ಒಂದು ನಿಯಮ. ಇದೆಲ್ಲಾ ಯಾಕೆ ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ, ಹಿರಿಯರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ ಎಂಬ ಥರದ್ದು. ಅವರ ಗಮನವೆಲ್ಲಾ ತಪ್ಪಿಲ್ಲದೆ ಮಾಡುವುದರ ಮೇಲೆ. ಕೊನೆಗೆ ಸ್ಟಾಲ್, ಆಚರಣೆ ಅಂದರೆ ನಿಯಮಗಳ ಜೋಡಣೆ, ಅದಕ್ಕೆ ಅರ್ಥ ಇರಬೇಕಿಲ್ಲ ಎಂದು ವಾದಿಸಿದರು. ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅದನ್ನು ಓದಿದ ಮೇಲೆ ಯಾವ ಸಮಾರಂಭದಲ್ಲಿ ಕೂತರೂ 'ಇದರ ಅರ್ಥ ಏನು' ಎಂದು ಕೇಳುವ ಮೊದಲು ಸ್ವಲ್ಪ ತಡೆದುಕೊಳ್ಳುತ್ತೇನೆ.

ಈ ಓದಿನಲ್ಲಿ ಎಲ್ಲಕ್ಕಿಂತ ಜೋರಾದ ಜಗಳ ಒಂದಿದೆ. ನಂಬುವವರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಕೆನಡಾದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1959ರಲ್ಲಿ ಒಂದು ಕಟ್ಟುನಿಟ್ಟಿನ ಮಾತು ಹೇಳಿದರು: ಒಂದು ಧರ್ಮದ ಬಗ್ಗೆ ನೀವು ಹೇಳುವುದನ್ನು ಆ ಧರ್ಮದವರು 'ಹೌದು, ಇದು ನಮ್ಮದೇ' ಎಂದು ಒಪ್ಪದಿದ್ದರೆ ಆ ಹೇಳಿಕೆಗೆ ಬೆಲೆಯಿಲ್ಲ. 1996ರಲ್ಲಿ ಅಮೆರಿಕದ ವಿದ್ವಾಂಸ ಬ್ರೂಸ್ ಲಿಂಕನ್ ಇದಕ್ಕೆ ನೇರ ಎದುರು ನಿಂತರು. ಪೂಜ್ಯಭಾವ ಧಾರ್ಮಿಕ ಗುಣ, ವಿದ್ವತ್ತಿನ ಗುಣವಲ್ಲ ಎಂದರು. ನಾವು ಯಾರನ್ನು ಓದುತ್ತಿದ್ದೇವೋ ಅವರೇ ತಮ್ಮನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ತೀರ್ಮಾನಿಸಲು ಬಿಟ್ಟರೆ, ಆ ಕ್ಷಣಕ್ಕೆ ನಾವು ಇತಿಹಾಸಕಾರರಾಗಿ ಉಳಿಯುವುದಿಲ್ಲ ಎಂಬುದು ಅವರ ವಾದ.

ಇಬ್ಬರೂ ಸರಿ ಎಂದು ಜಾರಿಕೊಳ್ಳಬಹುದು. ನನ್ನ ಅನುಭವದಲ್ಲಿ ಇದಕ್ಕೊಂದು ಕ್ರಮವಿದೆ. ಮೊದಲು ಕ್ಯಾಂಟ್‌ವೆಲ್ ಸ್ಮಿತ್, ಆಮೇಲೆ ಲಿಂಕನ್. ಎದುರಿನವರ ನಂಬಿಕೆಯನ್ನು ಅವರು ತಲೆಯಾಡಿಸುವಷ್ಟು ಸರಿಯಾಗಿ ಹೇಳಲು ಬಾರದವನು ವಿಮರ್ಶೆಗೆ ಇಳಿದರೆ ಅದು ಬರೀ ಬೈಗುಳ. ಹೇಳಲು ಬಂದ ಮೇಲೆ ಅಲ್ಲೇ ನಿಂತುಬಿಟ್ಟರೆ ಅದು ಪ್ರಚಾರ. ಈ ಪದ್ಧತಿಯಿಂದ ಯಾರಿಗೆ ಲಾಭ, ಯಾರು ಹೊರಗೆ ನಿಂತಿದ್ದಾರೆ, ಹೆಂಗಸರ ದನಿ ಎಲ್ಲಿ ಹೋಯಿತು ಎಂದು ಕೇಳದೆ ವಿಧಿಯಿಲ್ಲ. ಆ ಪ್ರಶ್ನೆಯನ್ನು ಪಕ್ಕದವರ ಧರ್ಮಕ್ಕೆ ಕೇಳುವಷ್ಟೇ ಜೋರಾಗಿ ನಮ್ಮದಕ್ಕೂ ಕೇಳಬೇಕು. ಎಡವುವುದು ಅಲ್ಲೇ. ನಾವು ಮಾಡಿದರೆ ಸಂಪ್ರದಾಯ, ಅವರು ಮಾಡಿದರೆ ಮೂಢನಂಬಿಕೆ. ಉತ್ತರಪತ್ರಿಕೆಯಲ್ಲಿ ಈ ಎರಡು ಪದ ಎಲ್ಲೆಲ್ಲಿ ಬಂದಿವೆ ಎಂದು ನೋಡಿದರೆ ಸಾಕು, ಬರೆದವರ ಮನೆತನವೇ ಗೊತ್ತಾಗುತ್ತದೆ.

ಓದಿದರೆ ನಂಬಿಕೆ ಹೋಗುತ್ತಾ? ಎಲ್ಲರೂ ಕೇಳುತ್ತಾರೆ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ಮೊದಲಿಗಿಂತ ಜಾಸ್ತಿ ಆಸ್ತಿಕಳಾದಳು. ಇನ್ನೊಬ್ಬ ಪ್ರಾರ್ಥನೆ ಬಿಟ್ಟ, ಹಾಡುವುದನ್ನು ಬಿಡಲಿಲ್ಲ. ಹೆಚ್ಚಿನವರು ಬಂದ ಹಾಗೇ ಹೋದರು, ಮಾತಿನಲ್ಲಿ 'ಎಲ್ಲಾ ಧರ್ಮಗಳೂ ಹೇಳುವುದು ಒಂದೇ' ಅನ್ನುವುದು ಮಾತ್ರ ನಿಂತಿತು. ಒಂದೇ ಹೇಳುವುದಿಲ್ಲ ಎಂದು ಮೊದಲ ಸೆಮಿಸ್ಟರಿನಲ್ಲೇ ಗೊತ್ತಾಗಿರುತ್ತದೆ. ಕೆಲವಕ್ಕೆ ಆತ್ಮ ಇದೆ, ಕೆಲವಕ್ಕೆ ಇಲ್ಲ. ಕೆಲವಕ್ಕೆ ಒಂದೇ ಜನ್ಮ, ಕೆಲವಕ್ಕೆ ಅನೇಕ. ಅಷ್ಟು ದೊಡ್ಡ ವ್ಯತ್ಯಾಸಗಳನ್ನು ಒರೆಸಿ ಹಾಕುವುದು ಮೇಲ್ನೋಟಕ್ಕೆ ಒಳ್ಳೆತನದಂತೆ ಕಾಣುತ್ತದೆ. ಅವರ ಮಾತನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ಅದರ ಅರ್ಥ.

ಇನ್ನು ಕೆಲಸದ ಮಾತು. ಈ ಪದವಿ ಹಿಡಿದು ಹೋದರೆ ಇಂಥದ್ದೇ ಕುರ್ಚಿ ಕಾದಿರುತ್ತದೆ ಅನ್ನುವ ಹಾಗಿಲ್ಲ. ಪತ್ರಿಕೆ, ಕಾನೂನು, ಮ್ಯೂಸಿಯಂ, ಸಮಾಜಸೇವೆ, ಬೋಧನೆ, ಹೀಗೆ ಎಲ್ಲೆಲ್ಲಿ ಬೇರೆ ಬೇರೆ ನಂಬಿಕೆಯ ಜನ ಎದುರಾಗುತ್ತಾರೋ ಅಲ್ಲೆಲ್ಲಾ ಉಪಯೋಗಕ್ಕೆ ಬರುತ್ತದೆ. ಮುಂದೆ ಸಂಶೋಧನೆಗೆ ಹೋಗುವವರು ಒಂದು ಹಳೆಯ ಭಾಷೆಗೆ ತಲೆ ಕೊಡಲೇಬೇಕು. ಸಂಸ್ಕೃತ, ಪಾಳಿ, ಅರೇಬಿಕ್, ಹೀಬ್ರೂ, ಗ್ರೀಕ್, ಟಿಬೆಟನ್, ಯಾವುದಾದರೂ ಸರಿ. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡುವ ರಾತ್ರಿಗಳಲ್ಲಿ ಅಧ್ಯಾತ್ಮ ಎಲ್ಲೂ ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿರುತ್ತೇನೆ.

ನನ್ನ ಆ ಕೆಂಪು ಹಾಳೆಗೆ ಒಂದು ಮುಂದುವರಿದ ಭಾಗ ಇತ್ತು. ಎರಡನೇ ಅಸೈನ್‌ಮೆಂಟ್: ಅದೇ ಜಾಗಕ್ಕೆ ಮತ್ತೆ ಹೋಗಿ, ಈ ಸಲ ಕೇಳಿ. ಹೋದೆ. ಆ ಹಿರಿಯರು ಅದೇ ಜಾಗದಲ್ಲಿ ಕೂತಿದ್ದರು. ಹೊರಗೆ ಬಂದ ಮೇಲೆ ಪರಿಚಯ ಹೇಳಿಕೊಂಡು, "ಸರ್, ಕಣ್ಣು ಮುಚ್ಚಿ ಕೂತಾಗ ಏನು ಯೋಚನೆ ಮಾಡ್ತೀರಿ?" ಎಂದು ಕೇಳಿದೆ.

ಅವರು ನಕ್ಕರು. "ಏನಿಲ್ಲಪ್ಪಾ. ಮನೇಲಿ ಇಡೀ ದಿನ ಟಿವಿ ಸದ್ದು. ಇಲ್ಲಾದ್ರೆ ಒಂದು ಗಂಟೆ ನಿಶ್ಶಬ್ದ ಇರುತ್ತೆ."

ದೊಡ್ಡದೇನೋ ಸಿಕ್ಕಿತು ಎಂಬ ಖುಷಿಯಲ್ಲಿ ಬರೆದೆ: "ಅವರು ಅಲ್ಲಿಗೆ ಬರುವುದು ಭಕ್ತಿಗಾಗಿ ಅಲ್ಲ, ನಿಶ್ಶಬ್ದಕ್ಕಾಗಿ." ಹಾಳೆ ವಾಪಸ್ ಬಂತು. ಈ ಸಲ ಕೆಂಪು ಸುತ್ತು ಬಿದ್ದಿದ್ದು 'ಅಲ್ಲ' ಎಂಬ ಪದಕ್ಕೆ. ಪಕ್ಕದಲ್ಲಿ ಬರೆದಿತ್ತು: "ಇವೆರಡೂ ಬೇರೆ ಬೇರೆ ಎಂದು ಹೇಳಿದ್ದು ಅವರೋ, ನೀವೋ?"